ತೌಲನಿಕ ರಾಜಕೀಯದ ಅಧ್ಯಯನ: ಅಂತರ್ಜಾಲದಲ್ಲಿ ಮೂಲ ಆಕರಗಳ ಶೋಧ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ವಾಣಿಜ್ಯ, ವಿಜ್ಞಾನ, ತಂತ್ರಜ್ಞಾನಗಳತ್ತ ಹೋಗುವುದೇ ಹೆಚ್ಚು. ರಾಜ್ಯಶಾಸ್ತ್ರವನ್ನು ಆರಿಸಿಕೊಳ್ಳುವವರು ವಿರಳ. ಅಂತಹ ವಿರಳರಲ್ಲೊಬ್ಬಳಾದ ನಮ್ಮ ಬಂಧುವರ್ಗದ ತರುಣಿ ದೂರಶಿಕ್ಷಣದ ಮೂಲಕ ಎಂ.ಎ. ವ್ಯಾಸಂಗ ಮಾಡುತ್ತಿದ್ದಾಳೆ. ಹಗಲಿಗೆ ನೌಕರಿ, ಗ್ರಂಥಾಲಯಕ್ಕೆ ಹೋಗಲು ಬಿಡುವಿಲ್ಲ. ಹೆಚ್ಚು ಮತ ಪಡೆದ ಪಕ್ಷಕ್ಕೇ ಕಡಿಮೆ ಸ್ಥಾನಗಳು ದೊರೆತ ಚುನಾವಣೆಗಳನ್ನು ಕುರಿತು ಅವಳು ಬರೆದ ಕಿರುಪ್ರಬಂಧದ ಕರಡನ್ನು ಮಾರ್ಗದರ್ಶಕರು ಹಿಂದಿರುಗಿಸಿದ್ದರು. ಅಂಕಿಗಳಿಗೆ ಆಧಾರವಿಲ್ಲ ಎಂಬುದೇ ಅವರ ಆಕ್ಷೇಪ. ಮೂರು ವಾರಗಳಲ್ಲಿ ತಿದ್ದಿ ಸಲ್ಲಿಸದಿದ್ದರೆ ಒಂದು ವರ್ಷ ವ್ಯರ್ಥವಾಗುವುದಿತ್ತು. ಆಗ ಅವಳು ನಮ್ಮ ನೆರವು ಕೋರಿದಳು.

ನಾವೂ ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವರೇ. ಬ್ರಿಟನ್, ಅಮೆರಿಕ, ಸ್ವಿಟ್ಜರ್ಲೆಂಡ್‌ಗಳ ಸಂವಿಧಾನಗಳನ್ನು ಗೈಡುಗಳ ಸಹಾಯದಿಂದ ಕಂಠಪಾಠ ಮಾಡಿದೆವೇ ಹೊರತು ಒಂದರ ಮೂಲಪಾಠವನ್ನಾದರೂ ಕಣ್ಣಾರೆ ಕಂಡವರಲ್ಲ. ಅನಂತರ ಬ್ಯಾಂಕಿನ ನೌಕರಿ ನಮಗೆ ಕಲಿಸಿದ್ದು ಒಂದೇ ಪಾಠ: ವೋಚರ್ ಇಲ್ಲದ ನಮೂದು ನಮೂದೇ ಅಲ್ಲ. ಅಂತರ್ಜಾಲದಲ್ಲಿ ಆಕರ ಹುಡುಕುವವರಿಗೂ ನಾವು ಮೊದಲು ಹೇಳುವುದು ಇದನ್ನೇ.

ಉದಾಹರಣೆಗೆ 2018ರ ಕರ್ನಾಟಕ ವಿಧಾನಸಭಾ ಚುನಾವಣೆ. ಕಾಂಗ್ರೆಸ್ ಶೇ. 38ರಷ್ಟು ಮತ ಪಡೆದೂ, ಶೇ. 36ರಷ್ಟು ಪಡೆದ ಭಾರತೀಯ ಜನತಾ ಪಕ್ಷದ 104 ಸ್ಥಾನಗಳಿಗಿಂತ ಹಿಂದುಳಿಯಿತು. ಕಾಂಗ್ರೆಸ್ಸಿನ ಸ್ಥಾನಗಳೆಷ್ಟು? ಒಂದು ತಾಣದಲ್ಲಿ 78, ಮತ್ತೊಂದರಲ್ಲಿ 80. ನಮ್ಮ ತರುಣಿ ಕರಡಿನ ಒಂದು ಪುಟದಲ್ಲಿ ಒಂದನ್ನೂ ಇನ್ನೊಂದು ಪುಟದಲ್ಲಿ ಮತ್ತೊಂದನ್ನೂ ಬರೆದಿದ್ದಳು! ವಾಸ್ತವದಲ್ಲಿ ಎರಡೂ ಸರಿ. ಮೇ 15ರ ಎಣಿಕೆ 222 ಕ್ಷೇತ್ರಗಳಿಗೆ ಮಾತ್ರ ಸಂಬಂಧಿಸಿದ್ದು. ಜಯನಗರ ಹಾಗೂ ರಾಜರಾಜೇಶ್ವರಿನಗರಗಳಲ್ಲಿ ಮತದಾನ ಮುಂದೂಡಲ್ಪಟ್ಟು, ತರುವಾಯ ಎರಡನ್ನೂ ಕಾಂಗ್ರೆಸ್ ಗೆದ್ದಿತು. ಭಾರತದ ಚುನಾವಣಾ ಆಯೋಗ 1951-52ರ ಮೊದಲ ಮಹಾಚುನಾವಣೆಯಿಂದ ಮೊದಲ್ಗೊಂಡು ಅಂಕಿಅಂಶ ವರದಿಗಳನ್ನು ತನ್ನ ಜಾಲತಾಣದಲ್ಲಿ ಇರಿಸಿದೆ. ಅಲ್ಲಿಗೆ ನೇರವಾಗಿ ಹೋದರೆ ಇಂತಹ ಗೊಂದಲ ಹತ್ತೇ ನಿಮಿಷದಲ್ಲಿ ಬಗೆಹರಿಯುತ್ತದೆ.

ಆದರೆ ಒಂದೇ ರಾಜ್ಯದ ಅಂಕಿ ತೌಲನಿಕ ಅಧ್ಯಯನವಾಗದು. ಕೆನಡಾದಲ್ಲಿ 2019ರಲ್ಲಿ ಇದೇ ಸಂಗತಿ ಘಟಿಸಿತು. ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 34.3 ಮತ, 121 ಸ್ಥಾನ; ಲಿಬರಲ್ ಪಕ್ಷಕ್ಕೆ ಶೇ. 33.1 ಮತ, 157 ಸ್ಥಾನ. ಅಲ್ಲಿಯೂ ನಮ್ಮಂತೆಯೇ, ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವನೇ ವಿಜಯಿ. ಇಷ್ಟನ್ನು ಇಲೆಕ್ಷನ್ಸ್ ಕೆನಡಾ ಸಂಸ್ಥೆಯ ಅಧಿಕೃತ ತಾಣವೇ ಒದಗಿಸುತ್ತದೆ.

ಎಲ್ಲಕ್ಕಿಂತ ಫಲವತ್ತಾದ ಉದಾಹರಣೆ ನ್ಯೂಜಿಲೆಂಡ್. ಅಲ್ಲಿ 1978ರಲ್ಲಿ ಲೇಬರ್ ಪಕ್ಷ ಶೇ. 40.4 ಮತ ಪಡೆದು 40 ಸ್ಥಾನಗಳಿಗೆ ನಿಂತಿತು, ಶೇ. 39.8 ಪಡೆದ ನ್ಯಾಷನಲ್ ಪಕ್ಷಕ್ಕೆ 92ರ ಸದನದಲ್ಲಿ 51 ಸ್ಥಾನಗಳು ದೊರೆತವು. 1981ರಲ್ಲಿ ಮತ್ತೆ ಅದೇ ಕತೆ. ಆ ವರ್ಷ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷ ಶೇ. 20.7 ಮತ ಗಳಿಸಿಯೂ ಪಡೆದದ್ದು ಎರಡೇ ಸ್ಥಾನ. ಅಸಮಾಧಾನ ಬೆಳೆದು ರಾಯಲ್ ಆಯೋಗ ನೇಮಕವಾಯಿತು. ಅದು 1986ರಲ್ಲಿ, ಆಗಿನ ಪಶ್ಚಿಮ ಜರ್ಮನಿಯಲ್ಲಿದ್ದಂತಹ ಮಿಶ್ರ ಪ್ರಮಾಣಾನುಗುಣ ಪದ್ಧತಿಯನ್ನು ಶಿಫಾರಸು ಮಾಡಿತು. 1992 ಹಾಗೂ 1993ರ ಜನಮತ ಸಂಗ್ರಹಗಳ ನಂತರ 1996ರಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ ನಡೆಯಿತು. ಆಯೋಗದ ವರದಿಯನ್ನು ಆ ದೇಶದ ಚುನಾವಣಾ ಆಯೋಗದ ತಾಣದಲ್ಲಿ ಮನೆಯಲ್ಲೇ ಕುಳಿತು ಓದಬಹುದು. ನಮ್ಮ ಕಾಲದಲ್ಲಿ ಇದಕ್ಕೆ ಹಡಗು ಹತ್ತಬೇಕಾಗುತ್ತಿತ್ತೇನೋ!

ಭಾರತವೇಕೆ ಆ ದಾರಿ ಹಿಡಿಯಲಿಲ್ಲ ಎಂಬ ಪ್ರಶ್ನೆಗೂ ಮೂಲದಲ್ಲೇ ಉತ್ತರವಿದೆ. ಸಂವಿಧಾನ ಸಭೆಯ ಚರ್ಚೆಗಳು ಈಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಲಭ್ಯ. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಪ್ರಮಾಣಾನುಗುಣ ಪ್ರಾತಿನಿಧ್ಯದ ಪರವಾಗಿ ವಾದಿಸಿದಾಗ, ಡಾ. ಅಂಬೇಡ್ಕರ್ ಅವರು ವ್ಯಾಪಕ ಸಾಕ್ಷರತೆಯ ಅಭಾವವನ್ನೂ ಸರ್ಕಾರಗಳ ಸ್ಥಿರತೆಯನ್ನೂ ಮುಂದಿಟ್ಟು ಅದನ್ನು ಒಪ್ಪಲಿಲ್ಲ. 1948ರ ನವೆಂಬರ್ 4ರ ಅವರ ಭಾಷಣವಂತೂ ಅಮೆರಿಕದ ಅಧ್ಯಕ್ಷೀಯ ಪದ್ಧತಿಯನ್ನೂ ಬ್ರಿಟನ್ನಿನ ಸಂಸದೀಯ ಪದ್ಧತಿಯನ್ನೂ ತೂಗಿ ನೋಡುವ ಪರಿಯಿಂದಲೇ ಪಠ್ಯವಾಗಬಲ್ಲದು. ವಿದ್ಯಾರ್ಥಿಗಳು ಇದನ್ನು ಓದದೆ ಅದರ ಬಗೆಗಿನ ಟಿಪ್ಪಣಿಗಳನ್ನು ಓದುವುದು ನಮಗೆ ಖೇದದ ಸಂಗತಿ.

ಸಂವಿಧಾನಗಳನ್ನು ಅಕ್ಕಪಕ್ಕ ಇರಿಸಿ ಹೋಲಿಸಲು ಕಾನ್‌ಸ್ಟಿಟ್ಯೂಟ್ ಎಂಬ ತಾಣವಿದೆ. ಸಂಸತ್ತುಗಳ ರಚನೆ, ಮಹಿಳಾ ಸದಸ್ಯರ ಸಂಖ್ಯೆ ಇತ್ಯಾದಿಗಳಿಗೆ ಜಿನೀವಾದ ಅಂತರ್ ಸಂಸದೀಯ ಒಕ್ಕೂಟದ ಪಾರ್ಲೈನ್, ಮತದಾನದ ಪ್ರಮಾಣಕ್ಕೆ ಸ್ಟಾಕ್‌ಹೋಮಿನ ಇಂಟರ್‌ನ್ಯಾಷನಲ್ ಐಡಿಯಾ ಉಪಯುಕ್ತ. ಮತ ಹಾಗೂ ಸ್ಥಾನಗಳ ಅಂತರವನ್ನು ಒಂದೇ ಸಂಖ್ಯೆಯಲ್ಲಿ ಅಳೆಯುವ ಸೂಚ್ಯಂಕವನ್ನು ರೂಪಿಸಿದ ಮೈಕೆಲ್ ಗ್ಯಾಲಹರ್ ಅವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಾಣದಲ್ಲಿ ಅನೇಕ ದೇಶಗಳ ಲೆಕ್ಕವನ್ನು ನೀಡಿದ್ದಾರೆ.

ಎಣಿಸಿದ ಅಂಕಿ ಬೇರೆ, ತಜ್ಞರು ನೀಡಿದ ಅಂಕ ಬೇರೆ. ಈ ಭೇದ ಮರೆತರೆ ಅನರ್ಥ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ವಿ-ಡೆಮ್ ಸಂಸ್ಥೆ 1789ರಿಂದೀಚಿನ ಮಾಹಿತಿಯನ್ನು ಉಚಿತವಾಗಿ ನೀಡುತ್ತದೆ; ಅದರ ಬಹುಭಾಗ ತಜ್ಞರ ಅಭಿಪ್ರಾಯಗಳನ್ನು ಕ್ರೋಡೀಕರಿಸಿದ್ದು. 2021ರಲ್ಲಿ ಫ್ರೀಡಂ ಹೌಸ್ ಸಂಸ್ಥೆ ಭಾರತವನ್ನು 'ಭಾಗಶಃ ಸ್ವತಂತ್ರ' ವರ್ಗಕ್ಕೆ ಇಳಿಸಿದಾಗ ಭಾರತ ಸರ್ಕಾರ ಅದನ್ನು ತಳ್ಳಿಹಾಕಿತು. ಯಾರ ಪಕ್ಷ ವಹಿಸುವುದಾದರೂ, ಯಾವ ಪ್ರಶ್ನೆಗೆ ಎಷ್ಟು ಅಂಕ ಎಂಬುದನ್ನು ವಿವರಿಸುವ ವಿಧಾನ ಪುಸ್ತಿಕೆಯನ್ನು ಮೊದಲು ಓದತಕ್ಕದ್ದು. ಅದು ಅದೇ ತಾಣದಲ್ಲಿರುತ್ತದೆ. ಓದುವವರು ಮಾತ್ರ ಕಡಿಮೆ.

ಇನ್ನು ವಿದ್ವತ್ ಲೇಖನಗಳು. ವಿದೇಶಿ ಪ್ರಕಾಶಕರೊಬ್ಬರು ಒಂದು ಲೇಖನಕ್ಕೆ ಕೇಳಿದ ಬೆಲೆ ಕಂಡು ನಮ್ಮ ತರುಣಿ ಹಣ ತೆರಲು ಸಿದ್ಧಳಾಗಿದ್ದಳು. ಸ್ವಲ್ಪ ತಾಳೆಂದೆವು. ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದಾಗ ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲೇ ಅಂತಿಮ ಹಸ್ತಪ್ರತಿ ಸಿಕ್ಕಿತು. ಜೆಸ್ಟೋರ್‌ನಲ್ಲಿ ಹೆಸರು ನೋಂದಾಯಿಸಿದರೆ ಹಲವು ಲೇಖನಗಳನ್ನು ಓದಲು ಅವಕಾಶವಿದೆ. ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. ಸರ್ಕಾರಿ ತಾಣಗಳ ಕೊಂಡಿಗಳು ಆಗಾಗ್ಗೆ ಬದಲಾಗುವುದರಿಂದ, ಕಂಡ ಕಡತವನ್ನು ಆಗಿಂದಾಗಲೇ ಇಳಿಸಿಕೊಂಡು ದಿನಾಂಕ ಬರೆದಿಡುವುದು ಕ್ಷೇಮ. ಮಾಯವಾದ ಪುಟವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ ನೋಡಬಹುದು.

ತಿದ್ದಿದ ಕರಡು ಗಡುವಿಗೆ ಎರಡು ದಿನ ಮೊದಲೇ ಮಾರ್ಗದರ್ಶಕರ ಕೈಸೇರಿತು. ಈ ಬಾರಿ ಅವರು ಅದನ್ನು ಸ್ವೀಕರಿಸಿ, ಅಂಚಿನಲ್ಲಿ ಒಂದು ಪ್ರಶ್ನೆ ಮಾತ್ರ ಬರೆದಿದ್ದಾರೆ: ಸೋಷಿಯಲ್ ಕ್ರೆಡಿಟ್‌ಗೆ ಮತ ನೀಡಿದ ಐದರಲ್ಲೊಬ್ಬ ಮತದಾರ ಆ ಫಲಿತಾಂಶವನ್ನು ಹೇಗೆ ಕಂಡ? ನ್ಯೂಜಿಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಪೇಪರ್ಸ್ ಪಾಸ್ಟ್ ಭಂಡಾರದಲ್ಲಿ ಕ್ರೈಸ್ಟ್‌ಚರ್ಚಿನ 'ಪ್ರೆಸ್' ಪತ್ರಿಕೆಯ ಆ ಕಾಲದ ಸಂಚಿಕೆಗಳಿವೆ. ನೌಕರಿಯಿಂದ ಮರಳಿದ ಮೇಲೆ ಅವಳೀಗ ಪ್ರತಿರಾತ್ರಿ 1981ರ ನವೆಂಬರ್, ಡಿಸೆಂಬರ್ ತಿಂಗಳ ವಾಚಕರ ಪತ್ರಗಳನ್ನು ಓದುತ್ತಿದ್ದಾಳೆ.