ಹೈನದ ಎಮ್ಮೆಯೂ ಮನೆಯವರ ಹೊತ್ತೂ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹುಜನರ ಊರಮನೆಯ ಹಿತ್ತಲಲ್ಲಿ ಒಂದು ಹೈನದ ಎಮ್ಮೆಯೋ ಆಕಳೋ ಇದ್ದೇ ಇರುತ್ತದೆ. ವಿಜಾಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದ ಕಡೆಯ ಎರಡು ಮೂರು ಎಕರೆಯ ಒಣ ಬೇಸಾಯದಲ್ಲಿ ಮಳೆ ಹೋದರೆ ಬೆಳೆ ಹೋಯಿತು. ಎಮ್ಮೆ ಮಾತ್ರ ಹತ್ತು ಹದಿನೈದು ದಿನಕ್ಕೊಮ್ಮೆ ನಾಲ್ಕು ಕಾಸು ಕೈಗೆ ಕೊಡುತ್ತದೆ. ಆದ್ದರಿಂದಲೇ ಪಗಾರದಲ್ಲಿ ಸ್ವಲ್ಪ ಉಳಿತಾಯವಾದ ಕೂಡಲೇ ನಮ್ಮವರ ಮನಸ್ಸು 'ಇನ್ನೊಂದು ಎಮ್ಮೆ ಕಟ್ಟಿಸೋಣ' ಎಂದು ಹೊರಡುತ್ತದೆ. ಆಗ ಎಮ್ಮೆಯ ಬೆಲೆ, ಹಿಂಡಿಯ ದರ, ಹಾಲಿನ ದರ ಎಲ್ಲದರ ಲೆಕ್ಕವಾಗುತ್ತದೆ. ಒಂದು ಬಾಬು ಮಾತ್ರ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಮನೆಯವರ ಹೊತ್ತು.

ನಾವು ಇಲ್ಲಿ ಪಾಳಿಯ ಮೇಲೆ ದುಡಿಯುವವರು. ಎಂಟು ತಾಸಿನ ಮೇಲೆ ಒಂದು ತಾಸು ಹೆಚ್ಚು ದುಡಿದರೆ ಅದನ್ನು ಬರೆಸಿಕೊಳ್ಳುತ್ತೇವೆ. ಊರಲ್ಲಿ ಎಮ್ಮೆಯ ಹಿಂದೆ ದುಡಿಯುವವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಇಲ್ಲಿ ಅಂಥ ಒಂದು ಪುಸ್ತಕವನ್ನು ತೆರೆದು ನೋಡೋಣ. ಆಮೇಲೆ ಹೈನವೂ ಸಂಸಾರವೂ ಒಂದಕ್ಕೊಂದು ಅಡ್ಡಿಯಾಗದಂತೆ ಸಾಗುವ ದಾರಿಗಳನ್ನು ವಿಚಾರಿಸೋಣ.

ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಯಜಮಾನ ಪರಸ್ಥಳದಲ್ಲಿ, ಊರಲ್ಲಿ ಅವನ ಹೆಂಡತಿ, ವಯಸ್ಸಾದ ಅತ್ತೆ, ಎಂಟನೆಯ ಇಯತ್ತೆಯ ಮಗಳು, ಐದನೆಯ ಇಯತ್ತೆಯ ಮಗ. ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಒಂದು, ಅದರ ಕರು ಒಂದು. ದಿನದ ಕೆಲಸವನ್ನು ಸುಮಾರಾಗಿ ಹೀಗೆ ಬರೆಯಬಹುದು. ಎರಡು ಹೊತ್ತು ಹಾಲು ಕರೆಯುವುದಕ್ಕೆ 40 ನಿಮಿಷ. ಸೆಗಣಿ ಬಳಿದು, ಕೊಟ್ಟಿಗೆ ತೊಳೆದು, ತಿಪ್ಪೆಗೆ ಹೊತ್ತು ಹಾಕುವುದಕ್ಕೆ 45 ನಿಮಿಷ. ಹೊಲದ ಬದುವಿನಲ್ಲಿ ಮೇವು ಕೊಯ್ದು ಹೊತ್ತು ತರುವುದಕ್ಕೆ 90 ನಿಮಿಷ. ನೀರು ಕುಡಿಸುವುದಕ್ಕೆ 30, ಮೈ ತೊಳೆಯುವುದಕ್ಕೆ 20, ಹಿಂಡಿ ನೆನೆಸಿ ಕಲಸಿ ಇಡುವುದಕ್ಕೆ 20. ಎರಡು ಹೊತ್ತು ಡೇರಿಗೆ ಹಾಲು ಹಾಕಿ ಬರುವುದಕ್ಕೆ 40, ಪಾತ್ರೆ ಬೆಳಗುವುದಕ್ಕೆ 15. ಕೂಡಿಸಿದರೆ 300 ನಿಮಿಷ, ಅಂದರೆ 5 ತಾಸು. ತಿಂಗಳಿಗೆ 150 ತಾಸು. ಅಡಿಗೆ, ಬಟ್ಟೆ, ಹೊಲದ ಕಳೆ, ಅತ್ತೆಯ ಔಷಧ, ಮಕ್ಕಳ ಅಭ್ಯಾಸ ಇವೆಲ್ಲ ಇದರ ಹೊರಗೆ. ಎಮ್ಮೆಗೆ ಆದಿತ್ಯವಾರವಿಲ್ಲ, ಹಬ್ಬವಿಲ್ಲ. ಮನೆಮನೆಗೆ ಅಂಕಿ ಹೆಚ್ಚು ಕಡಿಮೆಯಾದೀತು. ಆದರೆ ಬಾಬುಗಳು ಇವೇ.

ಈ ಬಾಬುಗಳಲ್ಲಿ ಕೆಲವು ಕದಲುವುದಿಲ್ಲ, ಕೆಲವು ಕದಲುತ್ತವೆ. ಈ ಭೇದವನ್ನು ತಿಳಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಕದಲದ ಕೆಲಸವೆಂದರೆ ಹಾಲು ಕರೆಯುವುದು. ಕರು ಮೂತಿ ಹಚ್ಚಿದಾಗ, ಕೆಚ್ಚಲನ್ನು ತೊಳೆದು ಸವರಿದಾಗ, ಎಮ್ಮೆಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತದಲ್ಲಿ ಇಳಿಯುತ್ತದೆ. ಆ ರಸ ಕೆಚ್ಚಲಿಗೆ ಮುಟ್ಟಿದಾಗಲೇ ಹಾಲು ಮೊಲೆಗೆ ಇಳಿದೀತು. ಸೊರೆ ಬಿಡುವುದೆಂದರೆ ಇದೇ. ಆಕಳಿಗಿಂತ ಎಮ್ಮೆ ನಿಧಾನವಾಗಿ ಸೊರೆ ಬಿಡುತ್ತದೆ, ಮತ್ತು ಅದರ ಪರಿಣಾಮ ಕೆಲವೇ ನಿಮಿಷ ನಿಲ್ಲುತ್ತದೆ. ಎಮ್ಮೆ ಗಾಬರಿಯಾದರೆ, ಹೊತ್ತು ತಪ್ಪಿದರೆ, ಕೈ ಬದಲಾದರೆ ಹಾಲನ್ನು ಮೇಲೆ ಹಿಡಿದುಬಿಡುತ್ತದೆ. ಆದ್ದರಿಂದ ಕರೆಯುವ ಹೊತ್ತು, ಕರೆಯುವ ಕೈ, ಕರೆಯುವ ಜಾಗ ಇವು ಮೂರೂ ದಿನಾಲು ಒಂದೇ ಇರತಕ್ಕದ್ದು. ಡೇರಿಯವರು ಹಾಲು ಅಳೆದುಕೊಳ್ಳುವ ಹೊತ್ತೂ ಗೊತ್ತಾದದ್ದೇ.

ಉಳಿದ ಕೆಲಸಗಳು ಕದಲುತ್ತವೆ. ಆದರೆ ಅನೇಕ ಮನೆಗಳಲ್ಲಿ ಎಲ್ಲವನ್ನೂ ಬೆಳಗಿನ ಆರರಿಂದ ಒಂಬತ್ತರೊಳಗೆ ಮುಗಿಸುವ ರೂಢಿ ಇದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತೂ ಅದೇ. ರೊಟ್ಟಿ ಬಡಿಯುವ ಕೈಗೆ ಸೆಗಣಿಯ ಕೆಲಸವೂ ಬೀಳುತ್ತದೆ; ಮಗಳು ಮೇವಿಗೆ ಹೋಗಿ ಬಂದು ಮೊದಲನೆಯ ಪಾಠ ತಪ್ಪಿಸಿಕೊಳ್ಳುತ್ತಾಳೆ. ಇದನ್ನು ಹೀಗೆ ಬದಲಿಸಬಹುದು. ಹಿಂಡಿಯನ್ನು ರಾತ್ರಿ ಊಟವಾದ ಮೇಲೆ ನೆನೆಹಾಕುವುದು. ಬೆಳಗಿನ ಮೇವನ್ನು ಹಿಂದಿನ ಸಂಜೆಯೇ ತಂದು ನೆಲದ ಮೇಲೆ ಹರವಿಡುವುದು. ಹಸಿ ಮೇವನ್ನು ಗುಡ್ಡೆ ಹಾಕಿದರೆ ಕಾವು ಹುಟ್ಟಿ ಕೆಡುತ್ತದೆ. ನಸುಕಿನಲ್ಲಿ ಸೆಗಣಿಯನ್ನು ಒತ್ತಟ್ಟಿಗೆ ಎಳೆದು ಹಾಲು ಕರೆಯುವುದು. ಕೊಟ್ಟಿಗೆ ತೊಳೆಯುವ ದೊಡ್ಡ ಕೆಲಸವನ್ನು ಮಕ್ಕಳು ಶಾಲೆಗೆ ಹೋದ ಮೇಲೆ ಇಟ್ಟುಕೊಳ್ಳುವುದು. ಹೀಗೆ ಮಾಡಿದರೆ ಬೆಳಗಿನಲ್ಲಿ ಒಂದು ತಾಸಾದರೂ ತಾಯಿ ಮಕ್ಕಳ ಪಾಲಿಗೆ ಉಳಿಯುತ್ತದೆ. ಎಮ್ಮೆಗೂ ಏನೂ ಕಡಿಮೆಯಾಗುವುದಿಲ್ಲ.

ಇನ್ನು ಕೆಲಸವನ್ನೇ ಕಡಿಮೆ ಮಾಡುವ ಉಪಾಯಗಳು. ಹಾಲು ಕೊಡುವ ಎಮ್ಮೆ ದಿನಕ್ಕೆ 50 ಲೀಟರಿನ ಸುಮಾರಿಗೆ ನೀರು ಕುಡಿಯುತ್ತದೆ. ಬೇಸಗೆಯಲ್ಲಿ ಇನ್ನೂ ಹೆಚ್ಚು. ಅದನ್ನು ಕೊಡದಿಂದ ಹೊರುವ ಬದಲು ಗೋದಲಿಯ ಪಕ್ಕದಲ್ಲಿ ಸಣ್ಣ ತೊಟ್ಟಿ ಕಟ್ಟಿಸಿ ನಳದ ನೀರು ಬಿಟ್ಟರೆ ಹೊರುವ ಕೆಲಸ ತಪ್ಪುತ್ತದೆ. ಬೇಕಾದಾಗ ನೀರು ಸಿಕ್ಕರೆ ಹಾಲಿಗೂ ಒಳ್ಳೆಯದು. ನೆಲಕ್ಕೆ ಫರಸಿ ಹಾಸಿ ಗಂಜಲ ಹರಿದುಹೋಗುವಷ್ಟು ಇಳಿಜಾರು ಕೊಟ್ಟರೆ ತೊಳೆಯುವ ಹೊತ್ತು ಉಳಿಯುತ್ತದೆ. ತೊಳೆದ ನೀರು ಹರಿಯುವ ಕಡೆ ನೇಪಿಯರ್ ಹುಲ್ಲಿನ ಕಣ್ಣುಗಳನ್ನು ನೆಟ್ಟರೆ ಸುಮಾರು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ ಕೊಯ್ಲು ಬರುತ್ತದೆ. ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎಮ್ಮೆ ಎಲೆ ತಿಂದು ದಂಟು ಬಿಡುತ್ತದೆ. ಕತ್ತರಿಸಿ ಹಾಕಿದರೆ ಬಹುಮಟ್ಟಿಗೆ ಎಲ್ಲವೂ ಹೊಟ್ಟೆಗೆ ಹೋಗುತ್ತದೆ, ಮೇವಿನ ಹೊರೆಯೂ ಕಡಿಮೆಯಾಗುತ್ತದೆ.

ಮೇವಿಗೆ ಮಕ್ಕಳನ್ನು ಕಳಿಸುವಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊಣಕಾಲೆತ್ತರದ ಎಳೆಯ ಜೋಳ, ಮಳೆಯಿಲ್ಲದೆ ಬಾಡಿದ ಜೋಳ, ಕೊಯ್ದ ಕೂಳೆಯಿಂದ ಹೊಸದಾಗಿ ಚಿಗುರಿದ ಜೋಳ ಇವುಗಳಲ್ಲಿ ವಿಷವಿರುತ್ತದೆ. ತಿಂದ ದನ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು ಸಾಯಬಹುದು. ಹೂ ಬಂದ ಮೇಲಿನ ಜೋಳವನ್ನೇ ಹಸಿಯಾಗಿ ಹಾಕತಕ್ಕದ್ದು. ಈ ಮಾತನ್ನು ಹಿರಿಯರು ಬಲ್ಲರು. ಹುಡುಗರಿಗೆ ಯಾರಾದರೂ ಹೇಳಬೇಕಷ್ಟೆ.

ಮಕ್ಕಳ ಮಾತು ಬಂದದ್ದರಿಂದ ಅದನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಕರುವಿಗೆ ಹುಲ್ಲು ಹಾಕುವುದು, ಸಂಜೆ ಡೇರಿಗೆ ಹಾಲು ಮುಟ್ಟಿಸುವುದು, ಚೀಟಿ ಓದಿ ಲೆಕ್ಕ ಬರೆದಿಡುವುದು ಇವು ಹುಡುಗರಿಗೆ ತಕ್ಕ ಕೆಲಸಗಳು. ಇದರಿಂದ ಬುದ್ಧಿಯೂ ಬೆಳೆಯುತ್ತದೆ. ಆದರೆ ಶಾಲೆಯ ಹೊತ್ತಿನೊಳಗೆ ಕಾಲಿಡುವ ಯಾವ ಕೆಲಸವೂ ಮಕ್ಕಳದಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ ಮಕ್ಕಳು ಮನೆಯ ಕೆಲಸಕ್ಕೆ ನೆರವಾಗುವುದನ್ನು ಶಾಲೆಯ ಹೊತ್ತಿನ ಹೊರಗೆ ಮತ್ತು ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಇನ್ನೊಂದು ಮಾತು. ಮನೆಯಲ್ಲಿ ಮಗ ಮಗಳು ಇಬ್ಬರಿದ್ದರೆ ಕೊಟ್ಟಿಗೆಯ ಕೆಲಸ ಮಗಳದು, ಸೈಕಲ್ಲಿನ ಕೆಲಸ ಮಗನದು ಎಂಬ ಪದ್ಧತಿ ಬೇಡ. ವಾರಕ್ಕೊಮ್ಮೆ ಬದಲಾಯಿಸಿದರೆ ಇಬ್ಬರೂ ಎರಡನ್ನೂ ಕಲಿಯುತ್ತಾರೆ.

ಎಮ್ಮೆಯ ವರ್ಷವನ್ನೂ ಸಂಸಾರದ ವರ್ಷಕ್ಕೆ ಹೊಂದಿಸಲು ಸಾಧ್ಯವಿದೆ. ಎಮ್ಮೆ ಗಬ್ಬವಾದಂದಿನಿಂದ ಸುಮಾರು 310 ದಿನಕ್ಕೆ ಈಯುತ್ತದೆ. ಆಕಳು ಸುಮಾರು 280 ದಿನಕ್ಕೆ. ದೀಪಾವಳಿಯ ಹೊತ್ತಿಗೆ ಗಬ್ಬ ಕಟ್ಟಿದ ಎಮ್ಮೆ ಮುಂದಿನ ಗಣೇಶ ಚವತಿಯ ಆಸುಪಾಸಿಗೆ ಈಯುತ್ತದೆ. ನಮ್ಮಲ್ಲಿ ಅನೇಕರು ರಜೆ ಹಾಕಿ ಊರಿಗೆ ಹೋಗುವ ದಿನಗಳೂ ಅವೇ. ಈದ ಮೊದಲ ವಾರದಲ್ಲಿ ಕೆಲಸ ಹೆಚ್ಚು: ಕರುವಿಗೆ ಹುಟ್ಟಿದ ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಬೇಕು, ಮಾಸು ಬಿದ್ದಿತೋ ಇಲ್ಲವೋ ಕಾಯಬೇಕು, ರಾತ್ರಿ ಎದ್ದು ನೋಡಬೇಕು. ಆಗ ಮನೆಯಲ್ಲಿ ಇನ್ನೊಂದು ಜೊತೆ ಕೈ ಇದ್ದರೆ ಎಷ್ಟೋ ಅನುಕೂಲ. ಈಯುವ ಮುಂಚಿನ ಎರಡು ತಿಂಗಳು ಎಮ್ಮೆಯನ್ನು ಬತ್ತಿಸಲೇಬೇಕು. ಕೆಚ್ಚಲಿಗೆ ವಿಶ್ರಾಂತಿ ಸಿಕ್ಕರೆ ಮುಂದಿನ ಸಲ ಹಾಲು ಚೆನ್ನಾಗಿ ಆಗುತ್ತದೆ. ಹಾಲು ಕರೆಯುವ, ಡೇರಿಗೆ ಹೋಗುವ ಕೆಲಸ ಇಲ್ಲದ ಈ ಎರಡು ತಿಂಗಳಲ್ಲಿ ಮನೆಯಾಕೆ ನಾಲ್ಕು ದಿನ ತವರಿಗೆ ಹೋಗಿ ಬರಬಹುದು. ಇದನ್ನು ಮೊದಲೇ ಗೊತ್ತು ಮಾಡಿಟ್ಟರೆ ಎಮ್ಮೆಯ ನೆಪದಿಂದ ವರ್ಷಗಟ್ಟಲೆ ತವರು ತಪ್ಪುವುದಿಲ್ಲ.

ಇದಕ್ಕೆಲ್ಲ ಬೆದೆಯ ದಿನ ತಪ್ಪಬಾರದು. ಎಮ್ಮೆ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದರ ಗುರುತು ಆಕಳಿನಷ್ಟು ಎದ್ದು ಕಾಣುವುದಿಲ್ಲ, ಬಹಳ ಸಲ ರಾತ್ರಿಯೇ ಬಂದು ಹೋಗುತ್ತದೆ. ಒಂದು ಬೆದೆ ತಪ್ಪಿದರೆ ಮೂರು ವಾರ ಹೋಯಿತು. ನಸುಕಿನಲ್ಲಿ ಎದ್ದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ ನೋಡುವ ಕೆಲಸವನ್ನು ಅತ್ತೆಯವರಿಗೆ ಒಪ್ಪಿಸಬಹುದು. ಓಡಾಟ ಬೇಡ, ಅನುಭವ ಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ಸರಿಯಾದ ಹೊತ್ತು.

ಮನೆಯವರ ಆರೋಗ್ಯವೂ ಕೊಟ್ಟಿಗೆಗೆ ಹೊಂದಿಕೊಂಡದ್ದು. ಕಂದು ರೋಗವಿರುವ ಎಮ್ಮೆ ತುಂಬದ ತಿಂಗಳಲ್ಲಿ ಕಂದು ಹಾಕುತ್ತದೆ. ಆ ಮಾಸನ್ನು ಬರಿಗೈಯಿಂದ ಎಳೆದವರಿಗೂ ಕಾಸದ ಹಾಲು ಕುಡಿದವರಿಗೂ ಆ ರೋಗ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರವಾಗಿ, ಸಂದು ನೋವಾಗಿ ಕಾಡುತ್ತದೆ. ಕೈಗವುಸು ಹಾಕದೆ ಮಾಸನ್ನು ಮುಟ್ಟಬಾರದು, ಅದನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಹಾಲನ್ನು ಉಕ್ಕು ಬರುವಂತೆ ಕಾಸಿಯೇ ಕುಡಿಯಬೇಕು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಈ ರೋಗದ ಲಸಿಕೆ ಹಾಕಿಸಬೇಕು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಇವೆರಡನ್ನೂ ಪುಕ್ಕಟೆ ಹಾಕುತ್ತಾರೆ. ದವಾಖಾನೆ ದೂರವಿದ್ದವರು 1962 ಸಂಖ್ಯೆಗೆ ಫೋನು ಮಾಡಿ ಸಂಚಾರಿ ಪಶು ಚಿಕಿತ್ಸೆಯ ಗಾಡಿಯನ್ನು ಕೇಳಬಹುದು. ಮನೆಯಲ್ಲಿ ಗಂಡಸರಿಲ್ಲದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಆಸರೆ. ಈ ಅಂಕಿಯನ್ನು ಕೊಟ್ಟಿಗೆಯ ಗೋಡೆಯ ಮೇಲೆಯೇ ಬರೆದಿಡಲಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ: ಎರಡನೆಯ ಎಮ್ಮೆ ಬೇಕೇ? ಅದು ಬಂದರೆ ಡೇರಿಯ ಓಡಾಟ, ಪಾತ್ರೆ, ಹಿಂಡಿ ಕಲಸುವುದು ಹೆಚ್ಚಾಗುವುದಿಲ್ಲ ಎನ್ನೋಣ. ಕರೆಯುವುದಕ್ಕೆ 40, ಸೆಗಣಿಗೆ 30, ಮೇವಿಗೆ 90, ನೀರಿಗೆ 30, ಮೈ ತೊಳೆಯುವುದಕ್ಕೆ 20 ನಿಮಿಷ ಹೆಚ್ಚುತ್ತದೆ. 210 ನಿಮಿಷ ಕೂಡಿದರೆ ಒಟ್ಟು 510, ಅಂದರೆ ಎಂಟೂವರೆ ತಾಸು. ಇದು ನಮ್ಮ ಒಂದು ಪೂರ್ತಿ ಪಾಳಿಗಿಂತ ಹೆಚ್ಚು. ಅದೂ ಸುಟ್ಟಿಯಿಲ್ಲದ ಪಾಳಿ. ಎರಡು ಎಮ್ಮೆ ಇದ್ದರೆ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತದೆ, ಡೇರಿಯ ಹಣ ನಿಲ್ಲುವುದಿಲ್ಲ ಎಂಬುದು ನಿಜವಾದ ಲಾಭ. ಮನೆಯಲ್ಲಿ ತಮ್ಮನೋ ನೆಗೆಣ್ಣಿಯೋ ಗಟ್ಟಿಮುಟ್ಟಾದ ಮಾವನೋ ಇದ್ದರೆ ಧಾರಾಳವಾಗಿ ಕಟ್ಟಬಹುದು. ನಮ್ಮ ಉದಾಹರಣೆಯ ಮನೆಯಂತೆ ದುಡಿಯುವ ಕೈ ಒಂದೇ ಜೊತೆಯಾದರೆ, ಆ ಎರಡನೆಯ ಎಮ್ಮೆ ನಿಲ್ಲುವುದು ಮಗಳ ಶಾಲೆಯ ಹೊತ್ತಿನ ಮೇಲೆ. ಅಂಥಲ್ಲಿ ಕೂಡಿಟ್ಟ ಹಣದಿಂದ ಮೊದಲು ನೀರಿನ ತೊಟ್ಟಿ, ಫರಸಿ, ಮೇವು ಕತ್ತರಿಸುವ ಯಂತ್ರ ಆಗಲಿ. ಮೊದಲಿನ ಎಮ್ಮೆಯ ಐದು ತಾಸು ನಾಲ್ಕಕ್ಕೆ ಇಳಿಯಲಿ. ಎರಡನೆಯದರ ವಿಚಾರ ಆಮೇಲೆ.

ಹಾಲಿನ ಹಣ ಯಾರ ಹೆಸರಿನಲ್ಲಿ ಜಮೆಯಾಗುತ್ತದೆ ಎಂಬುದನ್ನೂ ನೋಡತಕ್ಕದ್ದು. ಎಮ್ಮೆ ಕರೆಯುವಾಕೆಯೇ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯಳಾಗಲಿ. ಮಹಿಳೆಯರೇ ನಡೆಸುವ ಸಂಘಗಳೂ ಉಂಟು. ಹಣ ಆಕೆಯ ಖಾತೆಗೆ ಬಂದರೆ ಹಿಂಡಿ ತರುವುದಕ್ಕೂ ಮಕ್ಕಳ ವಹಿ ಪುಸ್ತಕಕ್ಕೂ ನಮ್ಮ ಪಗಾರದ ದಿನವನ್ನು ಕಾಯಬೇಕಾಗಿಲ್ಲ.

ಕಡೆಗೆ ದೂರದಲ್ಲಿರುವ ನಮ್ಮ ಪಾಲಿನ ಕೆಲಸ. ಊರಿಗೆ ಫೋನು ಮಾಡಿದಾಗ 'ಎಮ್ಮಿ ಎಷ್ಟು ಹಿಂಡಾಕತ್ತೈತಿ?' ಎಂದು ಕೇಳುವುದು ವಾಡಿಕೆ. ಅದರ ಜೊತೆಗೆ 'ನಿನಗ ಎಷ್ಟೊತ್ತಿಗೆ ಕೈ ಬಿಡುವಾಗತೈತಿ?' ಎಂದೂ ಕೇಳೋಣ. ರಜೆಯಲ್ಲಿ ಹೋದಾಗ ಮೇವು, ಸೆಗಣಿ, ನೀರು ಈ ಮೂರನ್ನೂ ನಾವೇ ವಹಿಸಿಕೊಂಡು, ಒಂದು ವಾರ ಗಡಿಯಾರ ನೋಡಿ ಬರೆದಿಡೋಣ. ಆ ಹಾಳೆಯನ್ನು ಮುಂದಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡಿದ ನಿಶ್ಚಯ ಸರಿಯಾದ ನಿಶ್ಚಯವಾಗುತ್ತದೆ. ಆ ಹಾಳೆಯ ಲೆಕ್ಕವನ್ನು ಕೂಡಿಸಿ ನೋಡಲು ನೆರವು ಬೇಕಾದವರು ವಾಚನಾಲಯಕ್ಕೆ ತರಬಹುದು. ಕೂತು ಬರೆಯಲು ನಾವು ಸಿದ್ಧರಿದ್ದೇವೆ.