ಮೂವತ್ತೆರಡು ಬೈಟ್, ಅರವತ್ತನಾಲ್ಕು ಅಕ್ಷರ

ರಾಯಚೂರು ಜಿಲ್ಲೆಯ ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ, ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಕೋರ್ಟಿಗೆ ಸಾಕ್ಷ್ಯವಾಗಿ ಕೊಡಬೇಕೆಂದರೆ ಈಗ ಪೆನ್‌ಡ್ರೈವ್ ಒಂದೇ ಸಾಲದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದರ ಜೊತೆಗೊಂದು ಪ್ರಮಾಣಪತ್ರ ಕೇಳುತ್ತದೆ. ಅದರ ನಮೂನೆಯಲ್ಲಿ ಎರಡು ಭಾಗ. ಒಂದನ್ನು ಪಕ್ಷಗಾರರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಫೈಲಿನ ‘ಹ್ಯಾಶ್’ ಬರೆಯಲು ಜಾಗ ಬಿಟ್ಟಿದೆ. 1872ರ ಹಳೆಯ ಸಾಕ್ಷ್ಯ ಕಾಯ್ದೆಗೆ 2000ದಲ್ಲಿ ಸೇರಿಸಿದ 65ಬಿ ಕಲಮಿನಲ್ಲಿ ಹ್ಯಾಶ್‌ನ ಮಾತೇ ಇರಲಿಲ್ಲ.

ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರೊಬ್ಬರು ನೀರು ಬಾರದ ಗದ್ದೆಯನ್ನು ಚಿತ್ರೀಕರಿಸಿದ್ದಾರೆ ಎಂದುಕೊಳ್ಳೋಣ. ಆ ಫೈಲು ಐದು ಎಂಬಿ ಇರಲಿ, ಐನೂರು ಎಂಬಿ ಇರಲಿ, ಎಸ್‌ಎಚ್‌ಎ-256 ಎಂಬ ಲೆಕ್ಕ ಅದರಿಂದ ತೆಗೆಯುವುದು 256 ಬಿಟ್, ಅಂದರೆ 32 ಬೈಟ್ ಮಾತ್ರ. ವಿಡಿಯೊದ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಗುರುತು ಸಿಗದಷ್ಟು ಬೇರೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊ ದಾರಿಯಲ್ಲೇ ಕುಗ್ಗುವುದರಿಂದ ಅದರ ಹ್ಯಾಶ್ ಮೂಲದ್ದಕ್ಕೆ ತಾಳೆಯಾಗುವುದಿಲ್ಲ. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಬೇಕಾದದ್ದು ಇದಕ್ಕೇ.

ಆದರೆ ಈ 32 ಬೈಟ್‌ಗಳನ್ನು ಕಾಗದದ ಮೇಲೆ ಇದ್ದ ಹಾಗೇ ಬರೆಯಲು ಬರುವುದಿಲ್ಲ. ಒಂದು ಬೈಟ್ ಸೊನ್ನೆಯಿಂದ 255ರವರೆಗೆ ಯಾವ ಸಂಖ್ಯೆಯಾದರೂ ಆಗಬಹುದು. ಅವುಗಳಲ್ಲಿ ಹಲವಕ್ಕೆ ಅಚ್ಚಾಗುವ ರೂಪವೇ ಇಲ್ಲ. ಅದಕ್ಕಾಗಿ ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕ. ಸೊನ್ನೆಯಿಂದ ಒಂಬತ್ತು, ಆಮೇಲೆ ಹತ್ತರಿಂದ ಹದಿನೈದಕ್ಕೆ ಎ, ಬಿ, ಸಿ, ಡಿ, ಇ, ಎಫ್. ಬೈಟ್ ಒಂದಕ್ಕೆ ಎರಡಕ್ಷರದಂತೆ 32 ಬೈಟ್‌ಗೆ ಅರವತ್ತನಾಲ್ಕು ಅಕ್ಷರ.

ರಾಯಚೂರಿನ ‘ರ’ವನ್ನೇ ನೋಡಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಅದು ಮೂರು ಬೈಟ್: 224, 178, 176. ನಡುವಿನ 178ರಲ್ಲಿ ಹದಿನಾರು ಹನ್ನೊಂದು ಸಲ ಹೋಗಿ ಎರಡು ಉಳಿಯುತ್ತದೆ. ಹನ್ನೊಂದಕ್ಕೆ ಬಿ, ಉಳಿದದ್ದು 2, ಬರೆದರೆ ಬಿ2. ಸಿ ಭಾಷೆಯಲ್ಲಿ ಇದಕ್ಕೆ ಭಾಗಾಕಾರವೂ ಬೇಡ. ಬೈಟನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ ಮೊದಲ ಅಂಕಿ, ಕೆಳಗಿನ ನಾಲ್ಕು ಬಿಟ್ ಮಾತ್ರ ಉಳಿಸಿಕೊಂಡರೆ ಎರಡನೆಯದು. ಹದಿನಾರು ಅಕ್ಷರಗಳ ಒಂದು ಪಟ್ಟಿಯಿಂದ ಎರಡನ್ನೂ ಎತ್ತಿಕೊಂಡರೆ ಆಯಿತು. ಇಡೀ ಕೆಲಸ ನಾಲ್ಕೈದು ಸಾಲು. ಬರೆಯಿಸಿಕೊಳ್ಳುವ ಜಾಗ ಮಾತ್ರ 64 ಅಲ್ಲ, 65 ಇರಬೇಕು. ಸಿ ಭಾಷೆಯಲ್ಲಿ ಅಕ್ಷರಗಳ ಸಾಲು ಮುಗಿಯಿತೆಂದು ಹೇಳುವ ಸೊನ್ನೆ ಬೈಟಿಗೂ ಒಂದು ಮನೆ ಬೇಕು.

ಎಡವುವುದು ಈ ನಾಲ್ಕೈದು ಸಾಲಿನಲ್ಲೇ. ಪಟ್ಟಿಯ ಬದಲು ಸಿ ಭಾಷೆಯ ಅಚ್ಚು ಹಾಕುವ ಫಂಕ್ಷನ್ ಬಳಸಿ, ಬೈಟನ್ನು ಎರಡು ಅಂಕಿಗೆ ತುಂಬಿಸಿ ಬರೆ ಎಂದು ಆ ಪ್ರಿಂಟ್‌ಎಫ್‌ಗೆ ಹೇಳದಿದ್ದರೆ 10 ಎಂಬ ಬೈಟ್ ‘0ಎ’ ಆಗುವ ಬದಲು ಬರೀ ‘ಎ’ ಆಗಿ ಬರುತ್ತದೆ. ಹದಿನಾರಕ್ಕಿಂತ ಚಿಕ್ಕ ಬೈಟ್ ಒಂದಾದರೂ ಇರುವ ಹ್ಯಾಶ್‌ಗಳು ನೂರಕ್ಕೆ ಸುಮಾರು 87; ಅಷ್ಟರಲ್ಲೂ ಅಕ್ಷರ ಕಡಿಮೆ ಬೀಳುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಖಾಲಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಯಾವಾಗಲೂ ‘ಇ3ಬಿ0ಸಿ442’ ಎಂದೇ ಶುರುವಾಗುತ್ತದೆ. ಅದರ ಮೊದಲ ಬೈಟ್ 227. ಪಿಸಿಯ ಸಿ ಕಂಪೈಲರ್‌ಗಳು ಸಾಮಾನ್ಯವಾಗಿ ಬರೀ ‘ಕ್ಯಾರ್’ ಎಂದರೆ ಋಣಸಂಖ್ಯೆಗೂ ಎಡೆಯಿರುವ ಬೈಟ್ ಎಂದು ತಿಳಿಯುತ್ತವೆ. ಆಗ 227 ಹೋಗಿ ಮೈನಸ್ 29 ಆಗುತ್ತದೆ, ‘ಇ3’ ಬರಬೇಕಾದಲ್ಲಿ ಆರು ಎಫ್‌ಗಳ ಹಿಂದೆ ‘ಇ3’ ಬಂದು ನಿಲ್ಲುತ್ತದೆ. ‘ಅನ್‌ಸೈನ್ಡ್’ ಎಂಬ ಒಂದು ಪದ ಸೇರಿಸಿದರೆ ಸರಿಹೋಗುತ್ತದೆ. ಅಂದ ಹಾಗೆ, ಪ್ರಮಾಣಪತ್ರದಲ್ಲಿ ‘ಇ3ಬಿ0ಸಿ442’ ಎಂದು ಶುರುವಾಗುವ ಹ್ಯಾಶ್ ಕಂಡರೆ ವಕೀಲರು ಪೆನ್‌ಡ್ರೈವನ್ನು ಇನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ನಕಲಾಗಿರುವುದು ಖಾಲಿ ಫೈಲು.

ಈ ಪರಿವರ್ತನೆ ಎಷ್ಟು ಬಳಕೆಯದೆಂಬುದಕ್ಕೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಸಾಕ್ಷಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಸಿ ಭಾಷೆಯಲ್ಲಿ ಬರೆದು ಶುರುಮಾಡಿದ ಈ ತಂತ್ರಾಂಶ ಕಡತಪಟ್ಟಿಯಲ್ಲಿ ಎಸ್‌ಎಚ್‌ಎ-1 ಹ್ಯಾಶನ್ನು 20 ಬೈಟ್‌ಗಳಾಗಿಯೇ ಇಡುತ್ತದೆ, ಬದಲಾವಣೆಯ ದಾಖಲೆಯಲ್ಲಿ ಮಾತ್ರ 40 ಹೆಕ್ಸ್ ಅಕ್ಷರಗಳಾಗಿ ಬರೆಯುತ್ತದೆ. ಹೀಗೆ ಬರೆದುಕೊಡುವ ಅದರ ಫಂಕ್ಷನ್ ನಾಲ್ಕು ಜಾಗಗಳನ್ನು ಸರದಿಯಲ್ಲಿ ಬಳಸುತ್ತಿತ್ತು. ಒಂದೇ ಜಾಗವಿದ್ದರೆ, ಒಂದೇ ಸಾಲಿನಲ್ಲಿ ಎರಡು ಹ್ಯಾಶ್ ಅಚ್ಚು ಹಾಕುವಾಗ ಎರಡನೆಯದು ಮೊದಲನೆಯದನ್ನು ಅಳಿಸಿಬಿಡುತ್ತದೆ.

ಪ್ರಮಾಣಪತ್ರದ ನಮೂನೆ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಮೂರನ್ನೂ ಹೆಸರಿಸುತ್ತದೆ. ಆರಿಸಬೇಕಾದದ್ದು ನಡುವಿನದನ್ನೇ. ಒಂದೇ ಎಂಡಿ5 ಬರುವ ಎರಡು ಬೇರೆ ದತ್ತಾಂಶಗಳನ್ನು 2004ರಲ್ಲೇ ಚೀನಾದ ಸಂಶೋಧಕರು ತೋರಿಸಿದ್ದಾರೆ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಇರುವ ಎರಡು ಪಿಡಿಎಫ್ ಮಾಡಿಟ್ಟರು.

ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. ‘ದೇವದುರ್ಗ’ ಸಾಮಾನ್ಯವಾಗಿ ಎಂಟು ಯೂನಿಕೋಡ್ ಸಂಕೇತ, 24 ಬೈಟ್. ಆದರೆ ‘ದೇ’ಯಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಎರಡನೆಯ ಬಗೆಯಲ್ಲಿ 27 ಬೈಟ್. ತೆರೆಯ ಮೇಲೆ ಎರಡೂ ಒಂದೇ ಥರ, ಹ್ಯಾಶ್ ಬೇರೆ ಬೇರೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಪತ್ರವನ್ನು ಯೂನಿಕೋಡ್‌ಗೆ ಬದಲಿಸಿದರೂ ಹಾಗೇ. ಆದ್ದರಿಂದ ಹ್ಯಾಶ್ ತೆಗೆದ ಮೇಲೆ ಫೈಲನ್ನು ತೆರೆದು ಮತ್ತೆ ಸೇವ್ ಮಾಡುವ ಗೋಜಿಗೆ ಹೋಗಬಾರದು.

ಕಾಗದದ ಮೇಲಿನ ಹೆಕ್ಸನ್ನು ಮರಳಿ ಬೈಟ್ ಮಾಡುವ ಕೋಡ್ ಬಿಗಿಯಾಗಿರಬೇಕು. ಅಕ್ಷರಗಳು 64ಕ್ಕೆ ಒಂದು ಕಡಿಮೆಯಾದರೂ, ಎಫ್ ದಾಟಿದ ಅಕ್ಷರ ಬಂದರೂ, ‘0’ ಬದಲು ಕನ್ನಡದ ‘೦’ ನುಸುಳಿದರೂ ಅದು ನಿಲ್ಲಿಸಿ ಹೇಳಬೇಕು, ಊಹಿಸಿ ಮುಂದೆ ಹೋಗಬಾರದು. ಬೈಟ್‌ಗಳನ್ನು ಹೋಲಿಸಲು ಸಿ ಭಾಷೆಯ ಮೆಮ್‌ಸಿಎಂಪಿ ಬೇಕು. ಸ್ಟ್ರ್‌ಸಿಎಂಪಿ ಬಳಸಿದರೆ ಸೊನ್ನೆ ಬೈಟ್ ಕಂಡಲ್ಲೇ ಹೋಲಿಕೆ ನಿಂತುಹೋಗುತ್ತದೆ, ನೂರರಲ್ಲಿ ಸುಮಾರು ಹನ್ನೆರಡು ಹ್ಯಾಶ್‌ಗಳಲ್ಲಿ ಸೊನ್ನೆ ಬೈಟ್ ಇದ್ದೇ ಇರುತ್ತದೆ. ವಿಂಡೋಸ್‌ನ ಪವರ್‌ಶೆಲ್ ಹ್ಯಾಶನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೊಡುತ್ತದೆ, ಲಿನಕ್ಸ್‌ನ ಎಸ್‌ಎಚ್‌ಎ256ಸಮ್ ಚಿಕ್ಕಕ್ಷರದಲ್ಲಿ. ಮಾನ್ವಿಯಲ್ಲಿ ಒಂದರಿಂದ, ರಾಯಚೂರಿನಲ್ಲಿ ಇನ್ನೊಂದರಿಂದ ತೆಗೆದ ಹ್ಯಾಶ್‌ಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡ್ ‘ತಾಳೆಯಾಗಿಲ್ಲ’ ಎನ್ನುತ್ತದೆ. ಬೈಟ್‌ಗೆ ಇಳಿಸಿ ಹೋಲಿಸಿದರೆ ಮೂವತ್ತೆರಡೂ ಒಂದೇ.