ಒಂದು ಅಚ್ಚು, ಸಾವಿರ ಗಣಕಗಳು

ಓಲೆಗರಿಯ ಕಾಲದಲ್ಲಿ ಲಿಪಿಕಾರನೊಬ್ಬನು ಮಾಡಿದ ತಪ್ಪು ಅವನ ಪ್ರತಿಗೂ ಅದರ ಸಂತತಿಗೂ ಮಾತ್ರ ಅಂಟಿಕೊಂಡಿರುತ್ತಿತ್ತು. ಬೇರೊಂದು ಪ್ರತಿಯನ್ನು ಎದುರಿಗಿಟ್ಟುಕೊಂಡು ಅದನ್ನು ತಿದ್ದಬಹುದಾಗಿತ್ತು. ಮುದ್ರಣಾಲಯವು ಬಂದ ಮೇಲೆ ಸಾವಿರ ಪ್ರತಿಗಳು ಏಕರೂಪವಾದವು. ಅದರೊಡನೆ ಮೊಳೆ ಜೋಡಿಸುವವನ ಒಂದು ತಪ್ಪೂ ಸಾವಿರವಾಯಿತು. ಇದೇ ಲಾಭಹಾನಿಗಳ ಜೋಡಿಯು ಇಂದು ನಮ್ಮ ಕಚೇರಿ, ಶಾಲೆ, ಬ್ಯಾಂಕುಗಳ ಗಣಕಯಂತ್ರಗಳಲ್ಲಿ ಮರಳಿ ತಲೆದೋರಿರುವದು.

ಯಂತ್ರದ ಸಕಲ ವ್ಯವಹಾರಗಳನ್ನು ನಿಯಂತ್ರಿಸುವ ಆಪರೇಟಿಂಗ್ ಸಿಸ್ಟಮನ್ನೂ ಕಚೇರಿಗೆ ಬೇಕಾದ ತಂತ್ರಾಂಶಗಳನ್ನೂ ಇನ್ನೂರು ಗಣಕಗಳಲ್ಲಿ ಒಂದೊಂದಾಗಿ ಕೈಯಿಂದ ಸ್ಥಾಪಿಸ ಹೊರಟರೆ ವಾರಗಳೇ ಕಳೆಯುವವು. ಅಷ್ಟಾದರೂ ಒಂದರಂತೆ ಇನ್ನೊಂದಿರುವದಿಲ್ಲ. ಆದುದರಿಂದ ಒಂದು ಮಾದರಿ ಯಂತ್ರವನ್ನು ಜಾಗರೂಕತೆಯಿಂದ ಸಿದ್ಧಗೊಳಿಸಿ, ಅದರ ಡಿಸ್ಕಿನ ಸಮಗ್ರ ಬಿಂಬವನ್ನು ತೆಗೆದು, ಆ ಬಿಂಬವನ್ನೇ ಉಳಿದವುಗಳಲ್ಲಿ ಎರಕ ಹೊಯ್ಯುವ ಪದ್ಧತಿಯು ಬಳಕೆಗೆ ಬಂದಿತು. ನ್ಯೂಜೀಲಂಡಿನ ಮರ್ರೆ ಹ್ಯಾಸರ್ಡರು 1995ರಲ್ಲಿ ರಚಿಸಿದ ‘ಘೋಸ್ಟ್’ ಎಂಬ ತಂತ್ರಾಂಶವು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. 1998ರಲ್ಲಿ ಅಮೇರಿಕೆಯ ಸಿಮ್ಯಾಂಟೆಕ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ತೈವಾನಿನಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಎಂಬುದು ಇದೇ ಕಾರ್ಯವನ್ನು ಬೆಲೆಯಿಲ್ಲದೆ ಮಾಡಿಕೊಡುವದು.

ಇದರ ಕ್ರಮವು ಸರಳವಾದುದು. ಬರಿದಾದ ಗಣಕವು ಎಚ್ಚರಗೊಂಡೊಡನೆ ಜಾಲದಲ್ಲಿ ತನ್ನ ವಿಳಾಸವನ್ನೂ ಮುಖ್ಯ ಗಣಕದ ಠಿಕಾಣೆಯನ್ನೂ ಕೇಳುವದು. ಅಲ್ಲಿಂದ ಮೊದಲು ಚಿಕ್ಕದೊಂದು ಆರಂಭಕ ತಂತ್ರಾಂಶವನ್ನೂ ಬಳಿಕ ಬಿಂಬವನ್ನೂ ಬರಮಾಡಿಕೊಳ್ಳುವದು. ನಲವತ್ತು ಗಣಕಗಳಿಗೆ 20 ಗಿಗಾಬೈಟಿನ ಬಿಂಬವನ್ನು ಬೇರೆ ಬೇರೆಯಾಗಿ ಕಳಿಸಿದರೆ ಜಾಲವು 800 ಗಿಗಾಬೈಟುಗಳ ಭಾರವನ್ನು ಹೊರಬೇಕಾಗುವದು. ‘ಮಲ್ಟಿಕಾಸ್ಟ್’ ಕ್ರಮದಲ್ಲಾದರೋ ಪುರಾಣಿಕನು ಒಮ್ಮೆ ಓದಿದುದನ್ನು ಸಭೆಯೆಲ್ಲ ಕೇಳುವಂತೆ, ಮುಖ್ಯ ಗಣಕವು ಒಂದೇ ಸಲ ಕಳಿಸಿದುದನ್ನು ನಲವತ್ತೂ ಒಟ್ಟಿಗೆ ಸ್ವೀಕರಿಸುವವು.

ಇದರ ಪ್ರಯೋಜನಕ್ಕೆ ನೆರೆಯ ಕೇರಳವೇ ನಿದರ್ಶನವಾಗಿದೆ. ಅಲ್ಲಿಯ ಶಿಕ್ಷಣ ಇಲಾಖೆಗೆ ಸೇರಿದ ‘ಕೈಟ್’ ಸಂಸ್ಥೆಯು ಸ್ವತಂತ್ರ ತಂತ್ರಾಂಶವಾದ ಗ್ನೂ-ಲಿನಕ್ಸನ್ನು ಶಾಲೆಗಳಿಗೆ ತಕ್ಕಂತೆ ಅಳವಡಿಸಿ, 2019ರಲ್ಲಿ 2 ಲಕ್ಷಕ್ಕೂ ಮಿಕ್ಕ ಗಣಕಗಳಿಗಾಗಿ ಅದರ ಹೊಸ ಆವೃತ್ತಿಯನ್ನು ಹೊರತಂದಿತು. ಇದರಲ್ಲಿ ಕನ್ನಡಿಗರು ಗಮನಿಸತಕ್ಕ ಸಂಗತಿಯೊಂದುಂಟು. ಮೂಲ ಅಚ್ಚಿನಲ್ಲಿ ಕನ್ನಡದ ಯುನಿಕೋಡ್ ಅಕ್ಷರಗಳನ್ನೂ ಕೀಲಿಮಣೆಯ ವಿನ್ಯಾಸವನ್ನೂ ಒಮ್ಮೆ ಇಟ್ಟರೆ ಸಾವಿರ ಗಣಕಗಳೂ ಕನ್ನಡವನ್ನು ಬರೆಯುವವು. ಒಮ್ಮೆ ಮರೆತರೆ ಸಾವಿರವೂ ಮೂಕವಾಗುವವು. ಆಮೇಲೆ ಗುಮಾಸ್ತನನ್ನು ದೂರಿ ಫಲವೇನು? ಭಾಷೆಯ ಹಕ್ಕು ಸಾಧಿಸುವ ಸ್ಥಳವು ಅಚ್ಚು ತಯಾರಾಗುವ ಕೋಣೆಯೇ.

ಏಕರೂಪವೆಂದರೆ ಎಲ್ಲದರಲ್ಲಿಯೂ ಒಂದೇ ಎಂಬ ಅರ್ಥವಲ್ಲ. ಪ್ರತಿಯೊಂದು ಗಣಕಕ್ಕೆ ತನ್ನದೇ ಹೆಸರು, ಗುರುತಿನ ಸಂಖ್ಯೆ, ಗುಪ್ತ ಕೀಲಿಗಳಿರಬೇಕು. ಬಿಂಬವನ್ನು ತೆಗೆಯುವ ಮೊದಲು ಮಾದರಿ ಯಂತ್ರದ ಇಂಥ ಗುರುತುಗಳನ್ನು ಅಳಿಸಬೇಕು. ವಿಂಡೋಸಿನಲ್ಲಿ ಇದಕ್ಕಾಗಿ ‘ಸಿಸ್‌ಪ್ರೆಪ್’ ಎಂಬ ಸಾಧನವಿರುವದು. ಒಂದೇ ಗುರುತಿನ ಸಂಖ್ಯೆಯುಳ್ಳ ಯಂತ್ರಗಳಿಂದ ಬಾಧೆಯಿಲ್ಲವೆಂದು ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚರು 2009ರಲ್ಲಿ ಬರೆದಾಗ ಅನೇಕರು ಸಮಾಧಾನಪಟ್ಟರು. ಆದರೆ 2025ರಲ್ಲಿ ಅದೇ ಸಂಸ್ಥೆಯು ಪರೀಕ್ಷೆಯನ್ನು ಬಿಗಿಗೊಳಿಸಲು, ಸಂಖ್ಯೆಯನ್ನು ಬದಲಿಸದೆ ನಕಲು ಮಾಡಿದ್ದ ಯಂತ್ರಗಳು ಪರಸ್ಪರ ಪ್ರವೇಶವನ್ನು ನಿರಾಕರಿಸತೊಡಗಿದವು. ಅಧಿಕಾರಿಯ ಗುಪ್ತಪದದ ವಿಷಯದಲ್ಲಿಯೂ ಇದೇ ಮಾತು: ಎಲ್ಲ ಯಂತ್ರಗಳಿಗೂ ಒಂದೇ ಗುಪ್ತಪದವಿದ್ದರೆ ಒಂದು ಬಾಗಿಲನ್ನು ಮುರಿದ ಕಳ್ಳನಿಗೆ ಊರೇ ತೆರೆದಂತಾಗುವದು.

ಅಚ್ಚಿನ ತಪ್ಪು ಎಂಥ ಅನರ್ಥವನ್ನು ತರಬಲ್ಲುದೆಂಬುದನ್ನು 2024ನೆಯ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆಯು ಕಳಿಸಿದ ಒಂದು ದೋಷಯುಕ್ತ ಕಡತವು ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ನೆಲಕ್ಕೆ ಕೆಡವಿತು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳನ್ನು ಎಬ್ಬಿಸಲು ಬಹು ಕಡೆ ಮನುಷ್ಯರೇ ಒಂದೊಂದರ ಬಳಿಗೆ ಹೋಗಬೇಕಾಯಿತು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಬರೆದುಕೊಟ್ಟುದು ವಾಚಕರಿಗೆ ನೆನಪಿರಬಹುದು. ಹರಡುವದು ಒಂದು ಕ್ಷಣ, ತಿದ್ದುವದು ಮನೆಮನೆಯ ಕೆಲಸ!

ಹಾಗೆಂದು ಏಕರೂಪತೆಯನ್ನೇ ತೊರೆಯಬೇಕೆಂದು ನಾವು ಹೇಳುವದಿಲ್ಲ. ಬೇರೆ ಬೇರೆ ಸ್ಥಿತಿಯಲ್ಲಿರುವ ಇನ್ನೂರು ಗಣಕಗಳಿಗೆ ರಕ್ಷಣೆಯ ತಿದ್ದುಪಡಿಗಳನ್ನು ಹಾಕುವದು ಇದಕ್ಕಿಂತ ದೊಡ್ಡ ವಿಪತ್ತು. ಆದರೆ ನಾಲ್ಕು ನಿಯಮಗಳನ್ನು ಪ್ರತಿಯೊಂದು ಕಚೇರಿಯೂ ಪಾಲಿಸಬೇಕು. ಅಚ್ಚನ್ನು ಹೇಗೆ ಕಟ್ಟಲಾಯಿತೆಂಬುದನ್ನು ಬರೆದಿಡಬೇಕು. ಕಟ್ಟಿದವನು ವರ್ಗವಾಗಿ ಹೋದರೂ ಇನ್ನೊಬ್ಬನು ಮರಳಿ ಕಟ್ಟುವಂತಿರಬೇಕು. ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ವರುಷದ ಹಿಂದಿನ ಬಿಂಬವನ್ನು ಹೊಯ್ದರೆ ವರುಷದ ಹಿಂದಿನ ರಂಧ್ರಗಳೂ ಮರಳಿ ಬರುವವು. ಹೊಸ ಅಚ್ಚನ್ನು ಮೊದಲು ಐದು ಯಂತ್ರಗಳಲ್ಲಿ, ಬಳಿಕ ಐವತ್ತರಲ್ಲಿ, ಕೊನೆಗೆ ಎಲ್ಲದರಲ್ಲಿ ಇಡಬೇಕು. ಹಳೆಯ ಅಚ್ಚೊಂದನ್ನು ಮರಳಲು ಅನುವಾಗುವಂತೆ ಕಾದಿರಿಸಬೇಕು.

ಇವಾವುವೂ ಹೆಚ್ಚಿನ ಹಣವನ್ನು ಬೇಡುವವಲ್ಲ, ಬೇಡುವದು ಶಿಸ್ತನ್ನು. ಗಣಕಗಳನ್ನು ಕೊಳ್ಳಲು ಲಕ್ಷಗಟ್ಟಲೆ ವೆಚ್ಚ ಮಾಡುವ ಅಧಿಕಾರಿಗಳು, ಅವೆಲ್ಲಕ್ಕೂ ತಾಯಿಯಾದ ಆ ಒಂದು ಅಚ್ಚು ಯಾರ ಕೈಯಲ್ಲಿದೆ, ಯಾರು ಅದನ್ನು ಪರೀಕ್ಷಿಸಿದರು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಲಿ. ಬೀಜವನ್ನು ಪರೀಕ್ಷಿಸದೆ ಹೊಲವನ್ನೆಲ್ಲ ಬಿತ್ತುವ ಒಕ್ಕಲಿಗನು ನಮ್ಮ ನಾಡಿನಲ್ಲಿಲ್ಲ. ಕಚೇರಿಯವರು ಅವನಿಂದ ಕಲಿಯಬೇಕಾದುದು ಇಷ್ಟೇ.